ಚಿಕ್ಕತಾಯಮ್ಮನ ಸೋಬಾನೆಗೆ ಮಾಲೀಕರು ಯಾರು?

ನಾನು ಕೆ.ಆರ್. ಪೇಟೆಯಲ್ಲಿ ಮದುವೆ ವಿಡಿಯೋ ತೆಗೆದುಕೊಂಡೇ ಮುದುಕನಾದವನು. ಬಲಭುಜ ಕೈಕೊಟ್ಟ ಮೇಲೆ ಕ್ಯಾಮೆರಾ ಹೊರುವುದು ಬಿಟ್ಟು, ಅಂಗಡಿಯನ್ನು ನನ್ನಲ್ಲೇ ಕೆಲಸ ಕಲಿತ ಮಹೇಶನಿಗೆ ವಹಿಸಿ ಮನೆಯಲ್ಲಿ ಕೂತಿದ್ದೇನೆ. ಕೂತಿದ್ದೇನೆ ಅಂದೆನೇ ಹೊರತು ಸುಮ್ಮನಿದ್ದೇನೆ ಅನ್ನಲಿಲ್ಲ. ಹೊಸದಾಗಿ ಈ ಕಸುಬಿಗೆ ಇಳಿದವರು ನನ್ನ ಜಗಲಿಗೆ ಬರುತ್ತಾರೆ. "ಅಣ್ಣ, ಯಾವ ಕ್ಯಾಮೆರಾ ತಗೊಳ್ಳಾನ? ಡ್ರೋನ್ ಬೇಕಾ ಬ್ಯಾಡ್ವಾ?" ಎಂದು ಕೇಳುತ್ತಾರೆ. ಒಬ್ಬನಾದರೂ "ಅಣ್ಣ, ವಿಡಿಯೋಕ್ಕೆ ಆಕೋ ಈ ಆಡು ಯಾರ್ದು?" ಎಂದು ಕೇಳಿದ್ದರೆ ನನ್ನ ಹೊಟ್ಟೆಯುರಿ ಒಂದು ಚಮಚದಷ್ಟಾದರೂ ಕಮ್ಮಿಯಾಗುತ್ತಿತ್ತು. ಅವರು ಕೇಳದಿದ್ದರೂ ನಾನು ಹೇಳುತ್ತೇನೆ. ಹೇಳದೆ ಹೋದರೆ ನನಗೆ ಊಟ ಸೇರುವುದಿಲ್ಲ.

ಹೇಳಹೊರಟಿರುವುದು ಕಾಪಿರೈಟಿನ ಕಥೆ. ಆ ಹೆಸರು ಕೇಳಿದರೆ ಈಗಿನವರಿಗೆ ದೆವ್ವ ಕಂಡ ಹಾಗಾಗುತ್ತದೆ. ನಮ್ಮ ಕಾಲದಲ್ಲೂ ಆ ದೆವ್ವ ಇತ್ತೋ ಏನೋ, ಅದಕ್ಕೆ ನಾಗಮಂಗಲದ ದಾರಿ ಮಾತ್ರ ಗೊತ್ತಿರಲಿಲ್ಲ.

ನಾನು ಕೆಲಸ ಕಲಿತದ್ದು ನಾಗಮಂಗಲದಲ್ಲಿ, ಸೀತಾರಾಮಯ್ಯನವರ ಸ್ಟುಡಿಯೋದಲ್ಲಿ. ದೇವಸ್ಥಾನದ ಮನೆತನದವರು. ಅವರ ಅಣ್ಣ ಗರ್ಭಗುಡಿಯಲ್ಲಿ ಮಂಗಳಾರತಿ ಎತ್ತುತ್ತಿದ್ದರೆ, ಇವರು ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಆಗ ವಿಡಿಯೋ ಕ್ಯಾಸೆಟ್ಟಿನ ಕಾಲ. ಎರಡು ವಿ.ಸಿ.ಆರ್. ಅಕ್ಕಪಕ್ಕ ಇಟ್ಟುಕೊಂಡು, ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಹಿಡಿದು, ನಡುವೆ ಟೇಪ್‌ರೆಕಾರ್ಡರಿನಿಂದ ಸಿನಿಮಾ ಹಾಡು ಸೇರಿಸುತ್ತಿದ್ದೆವು. ಮುಹೂರ್ತಕ್ಕೊಂದು ಹಾಡು, ಆರತಕ್ಷತೆಗೊಂದು, ಹೆಣ್ಣು ಒಪ್ಪಿಸುವಾಗ ಅಳಿಸುವಂಥದ್ದೊಂದು. ಆ ಹಾಡು ಬರೆದವರು ಯಾರು, ಹಾಡಿದವರು ಯಾರು, ಅವರನ್ನು ಕೇಳಬೇಕೇ ಎಂಬ ಯೋಚನೆ ನಮಗಾಗಲಿ, ಮದುವೆ ಮನೆಯವರಿಗಾಗಲಿ, ಸೀಮೆಯಲ್ಲಿ ಯಾರಿಗೂ ಬಂದದ್ದಿಲ್ಲ. ಕ್ಯಾಸೆಟ್ಟು ಕೊಂಡಿದ್ದೇವೆ, ಹಾಡು ನಮ್ಮದು, ಅಷ್ಟೆ.

ಬಿಂಡಿಗನವಿಲೆಯ ಒಂದು ಮದುವೆಗೆ, ಧಾರೆ ಎರೆಯುವ ಹೊತ್ತಿಗೆ ಚೆನ್ನಾಗಿದೆ ಎಂದು ಒಂದು ಸಿನಿಮಾ ಹಾಡು ಹಾಕಿದೆ. ರಾಗ ಕೇಳಿದ್ದೆ, ಸಿನಿಮಾ ನೋಡಿರಲಿಲ್ಲ. ಆ ಹಾಡು ಮುಗಿಯುವ ಹೊತ್ತಿಗೆ ನಾಯಕಿ ಕೆರೆಗೆ ಹಾರುತ್ತಾಳಂತೆ! ವಾರ ಕಳೆಯುವುದರೊಳಗೆ ಹೆಣ್ಣಿನ ತಂದೆ ಬೆಳಗಿನ ಬಸ್ಸಿಗೇ ಬಂದಿಳಿದರು. ಕುರಿಮಂದೆ ಸಾಕಿದ ಮನುಷ್ಯ, ಕೈಯಲ್ಲಿ ಕೋಲು ಬೇರೆ. "ಯೋವ್, ನನ್ ಮಗ್ಳು ಗಂಡನ್ ಮನೆ ಒಸ್ಲು ದಾಟೋಕ್ ಮುಂಚೇನೇ ಕೆರೆಗ್ ನೂಕ್ಬುಟ್ಟಲ್ಲಯ್ಯ! ನಿಂಗೇನ್ ಗ್ಯಾನ ಅದೋ ಇಲ್ವೋ?" ಎಂದು ಬೀದಿಯಲ್ಲಿ ಜನ ಸೇರುವ ಹಾಗೆ ಕೂಗಾಡಿದರು.

ಅವರನ್ನು ಕಾಫಿ ಕೊಟ್ಟು ಕಳಿಸಿದ ಮೇಲೆ ಸೀತಾರಾಮಯ್ಯನವರು ನನ್ನ ಕಡೆ ತಿರುಗಿದರು. "ಅಲ್ಲವೋ ಶಂಖ, ಮದುವೆ ಮನೆಯಲ್ಲಿ ಹೆಂಗಸರು ಗಂಟಲು ಹರಿದುಕೊಂಡು ಸೋಬಾನೆ ಹಾಡಿದ್ದಾರೆ. ಅದು ನಿನ್ನ ಟೇಪಿನಲ್ಲೇ ಇತ್ತು. ಅದನ್ನು ಒರೆಸಿ ಹಾಕಿ ಅದರ ಮೇಲೆ ಇದನ್ನು ಕೂರಿಸಿದೆಯಲ್ಲ, ಅವರ ಹಾಡು ಏನು ಪಾಪ ಮಾಡಿತ್ತೋ?" ಎಂದರು. ಅಂದಿನಿಂದ ನಾನು ಹೆಂಗಸರು ಹಾಡಿದ್ದನ್ನು ಒರೆಸಲಿಲ್ಲ. ಅವರಿಗೆಂದೇ ಒಂದು ಮೈಕು ಬೇರೆ ಇಡುತ್ತಿದ್ದೆ.

ಸಿ.ಡಿ. ಕಾಲ ಬರುವ ಹೊತ್ತಿಗೆ ಕೆ.ಆರ್. ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿದ್ದೆ. ಪಕ್ಕದ ಅಂಗಡಿಯವನು ಹೊಸ ಸಿನಿಮಾ ಹಾಡುಗಳನ್ನು ಸಿ.ಡಿ.ಗೆ ಇಳಿಸಿ ರಾಜಾರೋಷವಾಗಿ ಮಾರುತ್ತಿದ್ದ. ಒಂದು ದಿನ ಯಾವುದೋ ಕಂಪನಿಯ ಕಡೆಯವರು ಪೇದೆಗಳನ್ನು ಕರೆದುಕೊಂಡು ಬಂದರು. ಅವನು ಹಿತ್ತಿಲ ಬಾಗಿಲಿಂದ ಪರಾರಿ. ಬಂದವರು ಬರಿಗೈಯಲ್ಲಿ ಹೋಗುತ್ತಾರೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನನ್ನ ಅಂಗಡಿಗೆ ನುಗ್ಗಿ ಕಂಪ್ಯೂಟರನ್ನೇ ಹೊತ್ತರು. "ಸ್ವಾಮಿ, ಅದರೊಳಗೆ ಕಿಕ್ಕೇರಿ ಕಡೆಯವರ ಮದುವೆ ಇದೆ, ಇನ್ನೂ ಎಡಿಟಿಂಗ್ ಆಗಿಲ್ಲ. ಹಾಡು ನಿಮ್ಮದೇ ಇರಲಿ, ಮದುವೆ ಯಾರದು?" ಎಂದು ಅಂಗಲಾಚಿದೆ. "ಅದ್ನೆಲ್ಲ ಕೋರ್ಟಲ್ಲಿ ಕೇಳು" ಎಂದರು. ಆ ಮದುವೆಯ ಗಂಡಿನ ತಂದೆ ಸಂತೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, "ಏನಣ್ಣ, ನಮ್ ಮದ್ವೆ ಜಾಮೀನ್ ಮ್ಯಾಲೆ ಈಚ್ಗೆ ಬಂತಾ?" ಎನ್ನುತ್ತಿದ್ದರು. ಕಂಪ್ಯೂಟರು ವಾಪಸು ಬಂದಾಗ ಅದರ ಜೀವ ಹೋಗಿತ್ತು. ಅವರ ಮದುವೆಯೂ ಅದರ ಜೊತೆಯಲ್ಲೇ ಹೋಯಿತು.

ಇದನ್ನು ಓದಿ, ಕಾಪಿರೈಟೇ ಬೇಡ ಎನ್ನುವ ಗುಂಪಿಗೆ ನನ್ನನ್ನು ಸೇರಿಸಬೇಡಿ. ಆ ಹಕ್ಕಿನ ಬೆಲೆ ಏನೆಂದು ನನ್ನ ತಲೆಯ ಮೇಲೇ ಬಿದ್ದಾಗ ತಿಳಿದಿದೆ.

ಇಂಟರ್ನೆಟ್ಟಿನ ಕಾಲ ಬಂದ ಮೇಲೆ ಒಂದು ಮಾಗಿಯ ಬೆಳಿಗ್ಗೆ ತೊಣ್ಣೂರು ಕೆರೆಗೆ ಹೋಗಿ, ಮಂಜು ಏಳುವುದನ್ನೂ ಬಂಡೆಯ ಮೇಲೆ ಬಿಸಿಲು ಬೀಳುವುದನ್ನೂ ತೆಗೆದಿದ್ದೆ. ಯಾರ ಮದುವೆಗೂ ಅಲ್ಲ, ನನ್ನ ಖುಷಿಗೆ. ಚಳಿಯಲ್ಲಿ ಕೈ ಮರಗಟ್ಟಿ ಹೋಗಿತ್ತು. ಅದನ್ನು ಜಾಲತಾಣಕ್ಕೆ ಹಾಕಿದೆ. ಸ್ವಲ್ಪ ದಿನಕ್ಕೆ ನೋಡುತ್ತೇನೆ, ಯಾವುದೋ ಪ್ರವಾಸದ ಚಾನೆಲ್ಲಿನವರು ಅದನ್ನೇ ಎತ್ತಿಕೊಂಡು, ಮೂಲೆಯಲ್ಲಿದ್ದ ನನ್ನ ಹೆಸರು ಕತ್ತರಿಸಿ, ತಮ್ಮ ಗುರುತು ಅಂಟಿಸಿ ಹಾಕಿದ್ದಾರೆ. ಕೆಳಗೆ ಏನು ಬರೆದಿದ್ದರು ಗೊತ್ತೇ? "ಕೃಪೆ: ಇಂಟರ್ನೆಟ್"! ಚಳಿಯಲ್ಲಿ ನಡುಗಿದವನು ನಾನು, ಕೃಪೆ ಇಂಟರ್ನೆಟ್ಟಿನದು. ಫೋನು ಹಚ್ಚಿ ಕೇಳಿದರೆ, "ಸಾರ್, ಅದು ನೆಟ್‌ನಲ್ಲಿ ಸಿಕ್ತು" ಎಂದ ಅಲ್ಲಿದ್ದವನು. "ಏನಪ್ಪಾ, ಬಾವಿಕಟ್ಟೆ ಮೇಲಿಟ್ಟ ಬಿಂದಿಗೆ ಸಿಕ್ತು ಅಂತ ಮನೆಗೆ ಎತ್ಕೊಂಡು ಹೋಗ್ತೀಯಾ?" ಎಂದೆ. ಫೋನು ಇಟ್ಟುಬಿಟ್ಟ. ಆಮೇಲೆ ಎತ್ತಲೇ ಇಲ್ಲ.

ಹಾಗಾಗಿ ದುಡಿದವನ ಹೆಸರು ಉಳಿಸಲು ಕಾನೂನು ಬೇಕು, ಖಂಡಿತ ಬೇಕು. ನನ್ನ ಜಗಳ ಕಾನೂನಿನ ಜೊತೆ ಅಲ್ಲ. ಕಾನೂನನ್ನು ಓದದೆ ತೀರ್ಪು ಕೊಡುವ ಯಂತ್ರದ ಜೊತೆ, ಆ ಯಂತ್ರದ ಹಿಂದೆ ನಿಂತು ಊರ ಆಸ್ತಿಯನ್ನು ಬಾಚಿಕೊಳ್ಳುವವರ ಜೊತೆ. ಅದನ್ನು ನಾನು ಕಲಿತದ್ದು ಚಿಕ್ಕತಾಯಮ್ಮನವರಿಂದ.

ಚಿಕ್ಕತಾಯಮ್ಮ ಪಾಂಡವಪುರ ತಾಲ್ಲೂಕಿನವರು. ತೊಣ್ಣೂರಿನಿಂದ ಆಚೆಗೆ ಅವರ ಹಳ್ಳಿ. ಬೆಳಿಗ್ಗೆ ಹಸು ಕರೆದು ಡೇರಿಗೆ ಹಾಲು ಹಾಕುತ್ತಾರೆ. ಮದುವೆಗಳಿದ್ದಾಗ ನಾಲ್ಕೈದು ಜನ ಜೊತೆಗಾತಿಯರನ್ನು ಕಟ್ಟಿಕೊಂಡು ಸೋಬಾನೆ ಹಾಡಲು ಹೋಗುತ್ತಾರೆ. ಆ ಸುತ್ತಿನಲ್ಲಿ ಅವರು ಬಾರದೆ ಹೆಣ್ಣನ್ನು ಹಸೆಮಣೆಗೆ ಕೂರಿಸುತ್ತಿರಲಿಲ್ಲ. ಸೋಬಾನೆಗೆ ಅವರದೊಂದು ಕಟ್ಟಳೆ ಇದೆ. ಎದುರಿಗೆ ಮದುವಣಗಿತ್ತಿ ಇಲ್ಲದೆ ಆ ಪದ ಹಾಡುವಂತಿಲ್ಲ. ಹಾಡಿನೊಳಗೆ ಅವಳ ಹೆಸರು ಬರಬೇಕು, ಅವಳು ಸೇರುವ ಊರಿನ ಹೆಸರೂ ಬರಬೇಕು. ಹೆಸರಿಲ್ಲದ ಹರಕೆ ಯಾರಿಗೂ ಮುಟ್ಟುವುದಿಲ್ಲ ಎನ್ನುತ್ತಾರೆ. ಅದರಿಂದ ಒಂದೇ ಪದ ಒಂದೊಂದು ಮದುವೆಯಲ್ಲೂ ಹೊಸದು. ಹೋದ ವಾರ ರತ್ನ ಇದ್ದ ಜಾಗದಲ್ಲಿ ಈ ವಾರ ಸವಿತ ಬಂದು ಕೂರುತ್ತಾಳೆ.

ಕಸುಬಿನ ಕೊನೆಗಾಲದಲ್ಲಿ ಅವರ ಪದಗಳಿಗೆಂದೇ ಒಂದು ಚಾನೆಲ್ ತೆರೆದೆ. ಕೇಳಿಯೇ ತೆರೆದದ್ದು. "ಯಾರ್ ನೋಡಾರು ಬುಡಪ್ಪ ಈ ಮುದ್ಕೀರ್ ಮೂತಿಯ" ಎಂದು ಅವರು ನಕ್ಕರು. ನೋಡಿದರು! ದೂರದೂರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ನೋಡಿದರು. "ನಮ್ಮವ್ವ ಹಾಡ್ತಿದ್ದ ಪದ, ಅಡುಗೆಮನೇಲಿ ಕೂತು ಅತ್ತುಬಿಟ್ಟೆ" ಎಂದು ಬರೆದರು. ಅದನ್ನು ನಾನು ಓದಿ ಹೇಳಿದರೆ ಚಿಕ್ಕತಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅಳ್ಬ್ಯಾಡ ಅಂತ ಬರ್ಯಪ್ಪ" ಎನ್ನುತ್ತಿದ್ದರು. ಆ ಚಾನೆಲ್ಲಿನಲ್ಲಿ ತೀರಿಹೋದ ಜೊತೆಗಾತಿಯರ ದನಿಗಳೂ ಇದ್ದವು.

ಒಂದು ಸಲ ಶ್ರೀರಂಗಪಟ್ಟಣದ ಛತ್ರದಲ್ಲಿ ಮದುವೆ. ಅದೇ ಚಾನೆಲ್ಲಿನಿಂದ ನಾನೂ ಮಹೇಶನೂ ಲೈವ್ ಕೊಡುತ್ತಿದ್ದೆವು. ಚಿಕ್ಕತಾಯಮ್ಮ ಹಸೆಯ ಪದ ಎತ್ತಿದರು. ಎರಡು ಸೊಲ್ಲು ಆಗಿತ್ತೋ ಇಲ್ಲವೋ, ಪರದೆ ಕಪ್ಪಾಯಿತು. "ಈ ಹಾಡಿನ ಹಕ್ಕು ಇಂಥ ಆಡಿಯೋ ಕಂಪನಿಯದು, ಅನುಮತಿಯಿಲ್ಲದೆ ಬಳಸಲಾಗಿದೆ" ಎಂದು ಬಂತು. ಹಾಡಿಗೆ ಹಾಡು ತಾಳೆ ನೋಡುವ ಜಾಲತಾಣದ ಯಂತ್ರ ತಾನಾಗಿಯೇ ಕೊಟ್ಟ ತೀರ್ಪು ಅದು. ಮನೆಯಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದವರು ಛತ್ರದಲ್ಲಿದ್ದವರಿಗೆ ಫೋನು ಹಚ್ಚಿದರು. ಊಟದ ಪಂಕ್ತಿಗೆ ಬರುವ ಹೊತ್ತಿಗೆ ಮಾತಿಗೆ ಕಾಲು ಬಂದಿತ್ತು. ಗಂಡಿನ ಕಡೆಯ ಒಬ್ಬ ಹೆಂಗಸು ಎಲೆಯ ಮುಂದೆ ಕೂತು, "ಅವಮ್ಮ ಯಾರ್ದೋ ಪದ ಕದ್ದು ಆಡ್ತಿದ್ಲಂತೆ ಕಣಕ್ಕ, ಅದ್ಕೇ ನಿಲ್ಸ್‌ಬುಟ್ರಂತೆ" ಎಂದಳು. ಚಿಕ್ಕತಾಯಮ್ಮ ಎದುರು ಸಾಲಿನಲ್ಲೇ ಇದ್ದರು. ಕಲೆಸಿದ ಅನ್ನ ಬಿಟ್ಟು ಎದ್ದರು. ಕೈ ತೊಳೆದು ನನ್ನ ಹತ್ತಿರ ಬಂದು, "ನಾನ್ ಯಾರ್ ಮನೇಲಿ ಏನ್ ಕದ್ದಿವ್ನಿ ಅಂತ ಯೋಳಪ್ಪ" ಎಂದರು.

ಆಮೇಲೆ ಅವರನ್ನು ಹಾಡಲು ಕರೆಯುವವರು ಕಮ್ಮಿಯಾದರು. ಕರೆದರೂ ಲೈವ್ ಮುಗಿದ ಮೇಲೆ ಹಾಡಿ ಎನ್ನುತ್ತಿದ್ದರು. ಇನ್ನೊಂದು ದೂರು ಬಂದರೆ ಚಾನೆಲ್ಲೇ ಹೋಗುತ್ತದೆ ಎಂಬ ಎಚ್ಚರಿಕೆಯೂ ಬಂತು. ಆದರೆ ಅವರಿಗೆ ಚುಚ್ಚಿದ್ದು ಚಾನೆಲ್ ಅಲ್ಲ, ಕಳ್ಳಿ ಎಂಬ ಆ ಮಾತು.

ಆ ಕಂಪನಿಯ ಹಾಡನ್ನು ನಾನು ಹುಡುಕಿದೆ. ಹಳೆಯ ಕಾಲದ ಜಾನಪದ ಕ್ಯಾಸೆಟ್ಟು. ಈಗ ಅದನ್ನೇ ಜಾಲತಾಣಕ್ಕೆ ಏರಿಸಿದ್ದಾರೆ. ಸಾಹಿತ್ಯ ಎಂಬಲ್ಲಿ ಯಾರೋ ಒಬ್ಬ ಮಹಾಶಯನ ಹೆಸರು. ಹಾಡಿದವರು ಎಂಬಲ್ಲಿ ಒಬ್ಬ ಪೇಟೆಯ ಗಾಯಕಿಯ ಹೆಸರು, ಅದರ ಪಕ್ಕದಲ್ಲಿ "ಮತ್ತು ಸಂಗಡಿಗರು". ಚಿಕ್ಕತಾಯಮ್ಮನವರ ಹಜಾರದಲ್ಲಿ ಕೂತು ಅದನ್ನು ಹಾಕಿದೆ. ಒಂದೇ ಸೊಲ್ಲಿಗೆ ಅವರು ಮೊರ ಕೆಳಗಿಟ್ಟರು.

"ಅಯ್ಯೋ ಸಿವ್ನೇ! ಇದು ನನ್ ದನಿ ಕಣಪ್ಪ!"

ಆಗ ಎಲ್ಲ ಹೊರಗೆ ಬಂತು. ಎಷ್ಟೋ ವರ್ಷದ ಹಿಂದೆ ಯಾರೋ ಒಬ್ಬ ಬಂದು, ಹಾಡು ಹಿಡಿದುಕೊಳ್ಳುತ್ತೇವೆ ಎಂದು ಇವರನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದನಂತೆ. "ಗ್ವಾಡೆಗೆಲ್ಲ ಆಸ್ಗೆ ಒಡ್ದಿರೋ ರೂಮು ಕಣಪ್ಪ. ಆಡಮ್ಮ ಅಂದ. ಮದಲಗಿತ್ತಿ ಎಲ್ಲಪ್ಪ ಅಂದೆ. ಮದಲಗಿತ್ತಿ ಇಲ್ಲ, ಸುಮ್ಕೆ ಆಡು ಅಂದ. ಸುಮ್ಕೆ ಎಂಗಪ್ಪ ಆಡಾದು? ಸೋಬಾನೆ ಅಲ್ವಾ? ಆಗ ನಮ್ ಪುಟ್ಟಲಕ್ಷ್ಮಿಯ ಮಾಕವಳ್ಳಿಗೆ ಕೊಡಾದು ಅಂತ ಮಾತಾಗಿತ್ತು. ಓಗ್ಲಿ ಅಂತ ಅವ್ಳ್ ಹೆಸ್ರನ್ನೇ ಇಟ್ಟು ಆಡ್ದೆ. ಒಳ್ಳೇದಾದ್ರೆ ನನ್ ಮಗ್ಳಿಗೇ ಆಗ್ಲಿ ಅಂತವ."

ಹೌದು, ಹಾಡಿನಲ್ಲಿ ಅದು ಹಾಗೇ ಇತ್ತು:

ತೊಣ್ಣೂರ ಕೆರೆಯ ತಿಳಿನೀರ ಮಿಂದೋಳೆ
ಸಣ್ಣೆಳೆ ಜಡೆಯ ಪುಟ್ಟಲಕ್ಷ್ಮಿ | ಮಾಕವಳ್ಳಿ
ಹೊಸಮನೆಗೆ ದೀಪ ನೀನಾಗೆ

ಅಂದರೆ ನೋಡಿ. ಇವರ ದನಿ, ಇವರ ಮಗಳ ಹೆಸರು, ಇವರ ಬೀಗರ ಊರು, ಅದಕ್ಕೆ ಕಂಪನಿ ಮಾಲೀಕ. ಯಂತ್ರ ಚಿಕ್ಕತಾಯಮ್ಮನನ್ನು ಹಿಡಿದದ್ದು ಚಿಕ್ಕತಾಯಮ್ಮನಿಂದಲೇ ಕದ್ದಿದ್ದಾರೆ ಎಂದು! ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಇಲ್ಲಿ ಮೊಸರೂ ಮೇಕೆಯದೇ.

ಪಾಂಡವಪುರದಲ್ಲಿ ನನಗೆ ಗೊತ್ತಿದ್ದ ಒಬ್ಬರು ವಕೀಲರ ಹತ್ತಿರ ಹೋದೆ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ತಲೆತಲಾಂತರದಿಂದ ಬಂದ ಪದಕ್ಕೆ ಯಾರೂ ಮಾಲೀಕರಲ್ಲ. ಆ ರೂಮಿನಲ್ಲಿ ಹಿಡಿದ ಧ್ವನಿಮುದ್ರಣಕ್ಕೆ ಮಾತ್ರ ಕಂಪನಿ ಹಕ್ಕು ಹೇಳಬಹುದು. ಆ ಪದವನ್ನು ಚಿಕ್ಕತಾಯಮ್ಮ ಇನ್ನೊಂದು ಮದುವೆಯಲ್ಲಿ ತಾವೇ ಹೊಸದಾಗಿ ಹಾಡಿದರೆ ಅದು ಕಳವಲ್ಲ. "ಅಷ್ಟೇ ಅಲ್ಲ ಕಣ್ರೀ, ಮದುವೆ ಮನೆಯ ಶಾಸ್ತ್ರದಲ್ಲಿ ಹಾಡು ಬಳಸಿದರೆ ತಪ್ಪಲ್ಲ ಅಂತ ನಮ್ಮ ಕಾನೂನೇ ಹೇಳುತ್ತೆ" ಎಂದರು. "ಹಾಗಾದರೆ ಯಂತ್ರ ಯಾಕೆ ಸಾರ್ ನಿಲ್ಲಿಸ್ತು?" ಎಂದೆ. "ಯಂತ್ರ ಕಾನೂನು ಓದಿಲ್ಲವಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕಂಪನಿಗೆ ಮೇಲಿಂದ ಮೇಲೆ ಫೋನು ಮಾಡಿ ತಲೆ ತಿಂದ ಮೇಲೆ, ಅವರ ಕಡೆಯ ಒಬ್ಬರು ಬೇರೆ ಕೆಲಸದ ಮೇಲೆ ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಸಿಗಲು ಒಪ್ಪಿದರು. ನಾನು, ಚಿಕ್ಕತಾಯಮ್ಮ, ಅವರ ಮಗಳು ಮೂವರೂ ಹೋದೆವು. ಬಂದವರು ಇಸ್ತ್ರಿ ಅಂಗಿಯ ನಯವಾದ ಮನುಷ್ಯ. ಎಲ್ಲರಿಗೂ ಕಾಫಿ ಹೇಳಿದರು. ನಾನು ಫೋನಿನಲ್ಲಿ ಅವರದೇ ಹಾಡು ಹಾಕಿದೆ.

"ಇದನ್ನು ನಿಮ್ಮ ಸಾಹಿತಿ ಬರೆದರು ಅಂತ ಹಾಕಿದ್ದೀರಿ. ಪುಟ್ಟಲಕ್ಷ್ಮಿ ಅಂದರೆ ಯಾರು ಸಾರ್?"

"ಅದು ಕವಿಕಲ್ಪನೆ. ಯಾವುದೋ ಒಂದು ಹೆಸರು."

ಮಗಳು ಕಾಫಿ ಲೋಟ ಕೆಳಗಿಟ್ಟು, "ಆ ಕಲ್ಪನೆ ನಾನೇ ಕಣಣ್ಣ. ಮಾಕವಳ್ಳಿಲಿ ನಮ್ ಮನೆ. ಬೇಕಾದ್ರೆ ಬನ್ನಿ, ಊಟ ಮಾಡ್ಕೊಂಡ್ ಓಗೀರಂತೆ" ಎಂದಳು.

ಆ ಮನುಷ್ಯನ ಮುಖ ಒಂದು ಗಳಿಗೆ ಹುಳ್ಳಗಾಯಿತು. ಆದರೆ ಸಾವರಿಸಿಕೊಂಡರು. "ನೋಡಿ ಅಮ್ಮ, ದನಿ ನಿಮ್ಮದೇ ಇರಬಹುದು. ನಮ್ಮ ದಾಖಲೆಯಲ್ಲಿ ಹಾಡು ಕಂಪನಿಯದು. ಒಂದು ದಾರಿ ಇದೆ. ನಿಮ್ಮ ಚಾನೆಲ್ಲಿನಲ್ಲಿ ಈ ಪದಗಳೆಲ್ಲ ನಮ್ಮ ಕಂಪನಿಯವು, ನಮ್ಮ ಅನುಮತಿಯಿಂದ ಹಾಡಿದ್ದು ಅಂತ ಹಾಕಿಬಿಡಿ. ದೂರು ಇವತ್ತೇ ವಾಪಸು ತಗೋತೀವಿ" ಎಂದರು.

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಚಿಕ್ಕತಾಯಮ್ಮ ನನ್ನ ತೋಳು ಹಿಡಿದು ಕೂರಿಸಿದರು. "ಆವತ್ತು ಹಿಡ್ಕಂಡಿದ್ದು ನಿಮ್ ಮಿಸಿನ್ನು, ಅದು ನಿಮ್ಗೇ ಇರ್ಲಿ ಕಣಪ್ಪ. ಪದ ಎಂಗ್ ನಿಮ್ದಾಯ್ತದೆ? ನಿಮ್ ಅಪ್ಪಣೆ ತಗೊಂಡು ನಾನು ಹಸೆ ಮುಂದೆ ಕುಂತ್ಕೊಬೇಕಾ?" ಎಂದು ಕೇಳಿ, ಕಾಫಿ ಮುಟ್ಟದೆ ಎದ್ದರು.

ಉಳಿದದ್ದು ಒಂದೇ ದಾರಿ, ಜಾಲತಾಣಕ್ಕೇ ನೇರವಾಗಿ ಆಕ್ಷೇಪ ಹಾಕುವುದು. ವಕೀಲರ ಕೊಠಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತೆವು. ಅಲ್ಲಿ ಮೊದಲ ಪ್ರಶ್ನೆಯೇ, ಈ ಹಾಡಿನ ಮಾಲೀಕರು ನೀವೇ ಹೌದೇ ಅಲ್ಲವೇ ಎಂದು. ಹೌದು ಎಂದರೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ. ಯಾರದೂ ಅಲ್ಲ, ಎಲ್ಲರದು ಎಂದು ವಕೀಲರು ಬೇರೆಯಾಗಿ ಬರೆದು ಕಳಿಸಿದ್ದಕ್ಕೆ, ಮಾಲೀಕರಲ್ಲದವರು ಆಕ್ಷೇಪಿಸುವಂತಿಲ್ಲ ಎಂದು ಆಗಲೇ ಉತ್ತರ ಬಂದಿತ್ತು.

"ಹೌದು ಅನ್ನಿ ಅವ್ವ" ಎಂದೆ.

"ನಂದಲ್ವಲ್ಲಪ್ಪ."

"ನಿಮ್ಮದಲ್ಲದೆ ಇನ್ಯಾರ್ದು?"

"ನಮ್ಮತ್ತೆ ಕೊಟ್ಟಿದ್ದು. ಅವ್ರಿಗೆ ಅವ್ರತ್ತೆ ಕೊಟ್ಟಿದ್ದು. ನಂದು ಅಂತ ನಾನೆಂಗ್ ಯೋಳ್ಲಿ? ನಾಳೆ ನಾನ್ ಸತ್ಮೇಲೆ ಇನ್ಯಾವ ಮನೆ ಎಣ್ಮಗ್ಳು ಆಡುದ್ರೂ ಅವ್ಳು ಕಳ್ಳಿ ಆಗಾಕಿಲ್ವಾ?"

ನನಗೆ ಅವರ ಮೇಲೂ ಸಿಟ್ಟು ಬಂತು. "ಅವ್ವ, ಅವನು ನಾಚಿಕೆಯಿಲ್ಲದೆ ನಂದು ಅಂದಿದ್ದಾನೆ. ನೀವು ಒಂದು ಸಲ ಹೌದು ಅಂದರೆ ಏನು ಗಂಟು ಹೋಗುತ್ತೆ?" ಎಂದು ರೇಗಿದೆ. "ಸುಳ್ ಯೋಳಿ ಉಳ್ಸ್ಕೊಂಡ್ ಪದವ ಮದ್ವೆ ಮನೇಲಿ ಎಂಗಪ್ಪ ಆಡಾದು? ಎಣ್ಗೆ ಒಳ್ಳೇದಾದಾತಾ?" ಎಂದರು. ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ನಾನೇ ಒತ್ತಿಬಿಡಬಹುದಿತ್ತು. ಅವರು ನನ್ನ ಕೈ ಮೇಲೆ ಕೈ ಇಟ್ಟಿದ್ದರು.

ಸುಳ್ಳು ಹೇಳಿದವನಿಗೆ ಹಕ್ಕು, ನಿಜ ಹೇಳಿದವಳಿಗೆ ಕಳ್ಳಿ ಪಟ್ಟ. ಇದ್ಯಾವ ಸೀಮೆಯ ನ್ಯಾಯ ಸ್ವಾಮಿ? ನಂದು ಎನ್ನುವವರಿಗೆ ಅಲ್ಲಿ ಜಾಗ ಇದೆ. ನಮ್ಮದು ಎನ್ನುವವರಿಗೆ ಜಾಗವೇ ಇಲ್ಲ. ತೊಣ್ಣೂರಿನ ನನ್ನ ವಿಡಿಯೋ ಕದ್ದಾಗ ಬಾರದ ಯಂತ್ರ, ಅದೇ ತೊಣ್ಣೂರಿನ ಪದ ಹಾಡಿದವರ ಬಾಯಿ ಮುಚ್ಚಲು ಮಾತ್ರ ಎಷ್ಟು ಚುರುಕಾಗಿ ಓಡಿ ಬಂತು! ಕಂಪನಿ ಇನ್ನೊಂದು ದೂರು ಹಾಕಿತು. ಚಾನೆಲ್ ಹೋಯಿತು. ಮೂಲ ಧ್ವನಿಗಳು ನನ್ನ ಕಪಾಟಿನಲ್ಲಿ ಹಾರ್ಡ್‌ಡಿಸ್ಕಿನೊಳಗೆ ಬೆಚ್ಚಗಿವೆ, ನಿಜ. ಕಪಾಟಿನಲ್ಲಿದ್ದರೆ ಯಾರ ಕಿವಿಗೆ ಬಿದ್ದ ಹಾಗಾಯಿತು? ನಾನು ಅಂಗಡಿ ಬಿಟ್ಟದ್ದು ಭುಜದ ನೋವಿಗೆ ಎಂದು ಎಲ್ಲರಿಗೂ ಹೇಳುತ್ತೇನೆ. ಅರ್ಧ ನೋವು ಇದರದು.

ಮೊನ್ನೆ ಪುಟ್ಟಲಕ್ಷ್ಮಿಯ ಮಗಳು ಚೈತ್ರಳ ಮದುವೆ ಆಯಿತು. ಶ್ರೀರಂಗಪಟ್ಟಣದ ಛತ್ರದಲ್ಲೇ. ನಾನು ಊಟಕ್ಕೆ ಹೋದ ನೆಂಟ, ಕ್ಯಾಮೆರಾ ಮಹೇಶನದು. ಲೈವ್ ಇತ್ತು. ಪುಟ್ಟಲಕ್ಷ್ಮಿಯ ಅತ್ತೆ ಸೊಂಟ ಮುರಿದುಕೊಂಡು ಮಾಕವಳ್ಳಿಯಲ್ಲಿ ಮಲಗಿದ್ದರು, ಅವರು ನೋಡಲಿ ಎಂದು. ಚೈತ್ರಳನ್ನು ಹಸೆಗೆ ಕೂರಿಸಿದರು. ಚಿಕ್ಕತಾಯಮ್ಮ ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡು ಬಾಯಿ ತೆರೆದರು, ಅಷ್ಟೆ. ಮಹೇಶ ಬಗ್ಗಿಕೊಂಡು ಓಡಿ ಬಂದ.

"ಅಜ್ಜಿ, ಸ್ವಲ್ಪ ಒತ್ತು ಸುಮ್ಕಿರಿ. ಲೈವ್ ನಡೀತಾ ಅದೆ. ನೀವ್ ಆಡುದ್ರೆ ಕಾಪಿರೈಟ್ ಬತ್ತದೆ. ಈ ಚಾನೆಲ್ಲೂ ಓದ್ರೆ ನನ್ ಗತಿ ಏನು ಯೋಳಿ?"

ಅವನೇನು ಕೆಟ್ಟವನಲ್ಲ. ಬೆಂಕಿ ಸುಟ್ಟ ಕೈ ಅವನದು. ಹಕ್ಕಿನ ತಕರಾರಿಲ್ಲದ್ದು ಎಂದು ಯಾವುದೋ ದೇಶದ ಪಿಯಾನೋ ಇಳಿಸಿಕೊಂಡು ಬಂದಿದ್ದ. ಅದನ್ನು ಹಾಕಿದ. ಹಸೆಮಣೆಯ ಮುಂದೆ ಟಿಣ್ ಟಿಣ್ ಎಂದು ಅದು ಶುರುವಾಯಿತು. ಚಿಕ್ಕತಾಯಮ್ಮ ಮೊಮ್ಮಗಳ ಮುಖ ನೋಡಿದರು. ಆಮೇಲೆ ಮಹೇಶನ ಕಡೆ ತಿರುಗಿ, "ಆಯ್ತು ಬುಡಪ್ಪ, ನಿಂಗ್ಯಾಕ್ ತೊಂದ್ರೆ" ಎಂದು ಕೈ ಮಡಿಚಿಕೊಂಡು ಕೂತರು.

ನನಗೆ ತಡೆಯಲಾಗಲಿಲ್ಲ. "ಲೇ ಮಹೇಶ, ಆರ್ಸ್ಲಾ ಅದ್ನ!"

"ಅಣ್ಣ, ಲೈವು ಕಣಣ್ಣ..."

"ಆರ್ಸ್ಲಾ ಅಂದ್ರೆ! ಮಗ್ಳ ಮಗ್ಳಿಗೆ ಸೋಬಾನೆ ಆಡಾಕೆ ಯಾರನ್ಲಾ ಕೇಳ್ಬೇಕು ಆವಮ್ಮ?"

ಅವನು ಅನುಮಾನಿಸುತ್ತಿರುವಾಗಲೇ ನಾನು ಹೋಗಿ ವೈರು ಕಿತ್ತೆ. ಪಿಯಾನೋ ನಿಂತಿತು, ಕ್ಯಾಮೆರಾದ ಕೆಂಪು ದೀಪವೂ ಹೋಯಿತು. ಛತ್ರವೆಲ್ಲ ನನ್ನನ್ನೇ ನೋಡುತ್ತಿತ್ತು. "ಆಡಿ ಅವ್ವ" ಎಂದೆ. ಮಡಿಚಿದ್ದ ಕೈ ಬಿಡಿಸಿ ಚೈತ್ರಳ ಕಡೆ ತಿರುಗಿದರು. ಆಮೇಲೆ ಎತ್ತಿದರು. ಪುಟ್ಟಲಕ್ಷ್ಮಿಯ ಹೆಸರಿದ್ದ ಕಡೆ ಚೈತ್ರಳ ಹೆಸರು ಬಂತು. ಹೆಂಗಸರು ಒಬ್ಬೊಬ್ಬರಾಗಿ ದನಿ ಸೇರಿಸಿದರು. ಜೀವಮಾನವೆಲ್ಲ ಮದುವೆ ಹಿಡಿದ ನಾನು ಹಿಡಿಯದೆ ಬಿಟ್ಟ ಹಾಡು ಅದೊಂದೇ.

ಅಷ್ಟರಲ್ಲಿ ಪುಟ್ಟಲಕ್ಷ್ಮಿ ನನ್ನ ಕೈಗೆ ಕೊಟ್ಟಿದ್ದ ಫೋನು ಹೊಡೆದುಕೊಂಡಿತು. ಮಾಕವಳ್ಳಿಯಿಂದ ಅವಳ ಅತ್ತೆ.

"ಯಾಕಣ್ಣ ನಿಂತೋಯ್ತು? ಕರೆಂಟ್ ಓಯ್ತಾ?"

"ಇಲ್ಲ ಕಣವ್ವ. ನಿಮ್ ಬೀಗ್ತಿ ಆಡ್ತಾವ್ರೆ, ಅದ್ಕೇ ನಿಲ್ಸ್‌ಬೇಕಾಯ್ತು."

ಹಾಡು ಅವರಿಗೂ ಕೇಳಿಸಿತೆಂದು ಕಾಣುತ್ತದೆ.

"ಅಂಗಾದ್ರೆ ಫೋನು ಮಡಗ್ಬ್ಯಾಡ ಕಣಣ್ಣ. ಅಂಗೇ ಇಡ್ಕೊಂಡಿರು."

ಹಾಡು ಮುಗಿಯುವವರೆಗೂ ನೋಯುವ ಭುಜ ಎತ್ತಿ ಹಾಗೇ ಹಿಡಿದುಕೊಂಡಿದ್ದೆ.